ಎಡೆ ಮುಟ್ಟದ ಕಾಗೆ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಬಸ್ರೂರಿನಲ್ಲಿ ಕಾಗೆ ಕೂರದೆಯೇ ಮುರಿದದ್ದುಂಟು. ಏನು ಮುರಿಯಿತು ಎನ್ನುವುದು ಆಮೇಲೆ, ನಡೆದದ್ದಂತೂ ನಿಜ.

ಎರಡು ಸಾವಿರದ ಹದಿನೈದರ ಜನವರಿ. ವನಜಳ ವರ್ಷದ ತಿಥಿ. ಅಂಗಳದ ನಡುವೆ ಬಾಳೆಲೆಯಲ್ಲಿ ಅನ್ನ, ವಡೆ, ಪಾಯಸ. ಹೋದವಳು ಕಾಗೆಯಾಗಿ ಬಂದು ಮುಟ್ಟಬೇಕು. ಮುಟ್ಟಿದ ಮೇಲೆಯೇ ಉಳಿದವರಿಗೆ ಊಟ. ಮಧ್ಯಾಹ್ನ ಕಳೆದರೂ ಎಲೆ ಹಾಗೇ ಇತ್ತು. ಆಚೆಮನೆಯ ತೆಂಗಿನಮರದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಹಾರಿ ಬರುತ್ತಿದ್ದವು, ಅಂಗಳದ ಮೇಲೆ ಒಂದು ಸುತ್ತು ಹಾಕುತ್ತಿದ್ದವು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರಂತೆ ವಾಪಸು ಹೋಗುತ್ತಿದ್ದವು.

ಅಡುಗೆಮನೆಯ ಕಿಟಕಿಯ ಹಿಂದೆ ವನಜಳ ಮಗಳು ವಿನಯಾ ಬಾಯಿಗೆ ಕೈ ಅಡ್ಡ ಹಿಡಿದು ಮತ್ತೊಮ್ಮೆ ಕೂಗಿದಳು. ಒರಟು ಕೂಗು, ಗಂಟಲು ಹರಿಯುವಂಥದ್ದು. ಅಪಾಯ ಕಂಡ ಕಾಗೆ ಹೀಗೆ ಕೂಗುತ್ತದೆ. ಅಂತರ್ಜಾಲದಲ್ಲಿ ಕೇಳಿ ಕೇಳಿ ಕಲಿತಿದ್ದಳು.

ಆ ಕಿಟಕಿಯೇ ಅವಳ ಕಾಡು. ದೀಪಾವಳಿಗೆ ಮದುವೆ ನಿಶ್ಚಯವಾದಂದಿನಿಂದ ಹಕ್ಕಿ ನೋಡಲು ಹೊಳೆಬದಿಗೆ ಹೋಗುವುದು ನಿಂತಿತ್ತು. "ಮದಿ ಗೊತ್ತಾದ ಹೆಣ್ಣ್ ದುರ್ಬೀನ್ ಹಿಡ್ಕಂಡ್ ತೋಡ್ ಹಾರಿದ್ರೆ ಜನ ಎಂತ ಹೇಳುದಿಲ್ಲ?" ಎಂದಿದ್ದರು ದೊಡ್ಡಪ್ಪ ಕುಷ್ಟ. ಅಪ್ಪನಿಲ್ಲದ ಮನೆಗೆ ಅವರೇ ಅಪ್ಪ. ಕಿಟಕಿಯಲ್ಲಿ ಕಂಡ ಸೂರಕ್ಕಿ, ಮಡಿವಾಳ, ಕೆಂಬೂತಗಳ ಚಿತ್ರ ತೆಗೆದು ಅವಳು ಫೇಸ್‌ಬುಕ್ಕಿನ ಒಂದು ಹಕ್ಕಿ ಗುಂಪಿಗೆ ಹಾಕುತ್ತಿದ್ದಳು. ಅಲ್ಲಿಂದಲೇ ದಾಂಡೇಲಿಯಲ್ಲಿ ಹಕ್ಕಿ ಗಣತಿಗೆ ಕರೆ ಬಂದಿತ್ತು. ಸಂಬಳದ ಕೆಲಸ. ಸೋಮವಾರ ಹೋಗಿ ಸೇರದಿದ್ದರೆ ಬೇರೆಯವರ ಪಾಲು.

ಹುಡುಗನ ಮನೆಯೋ ಮುಂಬೈಯಲ್ಲಿ, ಆಕಾಶದ ಹತ್ತಿರ. ಪಾರಿವಾಳ ಬಾರದಂತೆ ಬಾಲ್ಕನಿಗೆಲ್ಲ ಬಲೆ. "ಒಂದ್ ಹಕ್ಕಿ ಒಳ್ಗ್ ಬಪ್ಪುದಿಲ್ಲ, ಅಷ್ಟ್ ಕ್ಲೀನ್," ಎಂದು ಹುಡುಗನ ಅಪ್ಪ ಸೂರಣ್ಣ ಹೇಳಿದಂದು ವಿನಯಾ ಊಟ ಬಿಟ್ಟು ಎದ್ದಿದ್ದಳು. ಬೇಡವೆಂದು ದೊಡ್ಡಪ್ಪನಿಗೆ ಹೇಳಿ ನೋಡಿದ್ದಳು. "ಕೊಟ್ಟ ಮಾತ್, ಮಗಾ," ಎಂದಿದ್ದರು. ತಾವೇ ಮುಂಬೈಗೆ ಹೋಗಿ ಮನೆ ನೋಡಿ ಬಂದ ಮೇಲೆ ಆ ಮಾತನ್ನೂ ಎತ್ತಿರಲಿಲ್ಲ.

ಉಳಿದದ್ದು ಅಮ್ಮನೊಬ್ಬಳೇ. ಅಮ್ಮ ಎಡೆ ಮುಟ್ಟದಿದ್ದರೆ?

"ಹ್ವಾಯ್ ಕುಷ್ಟಣ್ಣ, ಕಾಕಿ ಎಂತಕ್ಕ್ ಬತ್ತಿಲ್ಲ?" ಸೂರಣ್ಣ ಹೊಟ್ಟೆ ಸವರಿಕೊಂಡರು. ಮುಂಬೈಯಲ್ಲಿ ಹೋಟೆಲು ಇಟ್ಟವರು. ಅಲ್ಲಿ ಹಸಿವು ಯಾವಾಗಲೂ ಬೇರೆಯವರದ್ದು.

ಕುಷ್ಟ ಜಗಲಿಯ ಕಂಬಕ್ಕೆ ಒರಗಿ, ಕೈ ಹಿಂದೆ ಕಟ್ಟಿ ಕೂತಿದ್ದರು. ಬೆಳಿಗ್ಗೆ ಹೆಂಚು ಸರಿಮಾಡಲೆಂದು ಮನೆಯ ಮಾಡು ಹತ್ತಿ ಇಳಿದವರು ಆಮೇಲೆ ಆ ಕಂಬ ಬಿಟ್ಟಿರಲಿಲ್ಲ. ಬೆನ್ನುನೋವಂತೆ.

"ಹೋದವ್ಳಿಗೆ ಎಂತದೋ ಆಸೆ ಉಳ್ದಿತ್ತ್," ಎಂದರು. "ಒಬ್ಬೊಬ್ರೇ ಮಾತ್ ಕೊಟ್ಟ್ ಕಾಂಬ."

ಕ್ರಮವೇ ಹಾಗೆ. ಸತ್ತವರ ಆಸೆ ಏನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಎಲೆಯ ಮುಂದೆ ಹೇಳಬೇಕು. ಊಹೆ ಸರಿಯಾದರೆ ಕಾಗೆ ಇಳಿಯುತ್ತದೆ. ವನಜಳ ತಂಗಿ ಕುಸುಮಾವತಿ ಮೊದಲು ಎದ್ದಳು.

"ಅಕ್ಕ, ನಿನ್ನ ಹಸ್ರ್ ಪಟ್ಟೆಸೀರೆ ನನ್ನ ಹತ್ರವೇ ಇತ್ತ್. ನಾಳೆಯೇ ತಂದ್ ಕೊಡ್ತೆ."

ಸೀರೆ ಕಾಣೆಯಾದದ್ದೇ ಯಾರಿಗೂ ಗೊತ್ತಿರಲಿಲ್ಲ. ಕಾಗೆ ಬರಲಿಲ್ಲ. ಕುಸುಮಾವತಿಯ ಮುಖ ಸೀರೆಗಿಂತ ಹಸಿರಾಯಿತು.

ವಿನಯಾ ಮತ್ತೆ ಕೂಗಿದಳು. ಕಾಗೆಗಳು ಕತ್ತು ಓರೆ ಮಾಡಿದವು. ತೆಂಗು ಬಿಟ್ಟು ಹತ್ತಿರದ ನುಗ್ಗೆಮರಕ್ಕೆ ಬಂದು ಕೂತವು. ಇದೆಂಥ ಹೆದರಿಕೆ ಎಂದು ಅವಳಿಗೆ ತಿಳಿಯಲಿಲ್ಲ. ಇನ್ನಷ್ಟು ಜೋರಾಗಿ ಕೂಗಿದಳು.

"ಒಳ್ಗ್ ಯಾರಿಗೋ ಕೆಮ್ಮ," ಎಂದರು ಸೂರಣ್ಣ.

"ನೀರ್ ಕುಡಿ, ಮಗಾ," ಎಂದರು ಕುಷ್ಟ, ತಿರುಗಿ ನೋಡದೆ.

ಸೂರಣ್ಣ ವಡೆಯನ್ನು ನೋಡಿದರು, ನುಗ್ಗೆಮರ ನೋಡಿದರು, ಅಡುಗೆಮನೆಯತ್ತ ನೋಡಿದರು. ದನಿ ತಗ್ಗಿತು. "ಹೆಣ್ಣಿನ ವಿಷಯವಾ ಹೆಂಗೆ?"

"ಅದ್ ನನ್ನ ಬಾಯಲ್ಲಿ ಬಪ್ಪುಕಾಗ. ಮಾತ್ ಕೊಟ್ಟವ ನಾನ್," ಎಂದರು ಕುಷ್ಟ. "ತಕಂಡವ್ರ್ ನೀವ್."

ಸತ್ತ ಬೀಗಿತ್ತಿಯ ಸಿಟ್ಟನ್ನು ಮುಂಬೈವರೆಗೆ ಕಟ್ಟಿಕೊಂಡು ಹೋಗುವ ಧೈರ್ಯ ಸೂರಣ್ಣನಿಗಿರಲಿಲ್ಲ. ಎಲೆಯ ಮುಂದೆ ಕೈ ಮುಗಿದರು. "ವನಜಕ್ಕ, ಈ ಸಂಬಂಧ ನಾವೇ ಬಿಟ್ಟೊ. ನಿಮ್ಮ ಮಗ್ಳಿಗೆ ಎಲ್ಲಿಗ್ ಹೋಯ್ಕೋ ಅಲ್ಲಿಗ್ ಹೋಯ್ಲಿ. ನೀವ್ ಬಂದ್ ಉಣ್ಣಿ."

ಕಿಟಕಿಯ ಹಿಂದೆ ವಿನಯಾ ಬಾಯಿ ಮುಚ್ಚಿದಳು. ಕಂಬದ ಬುಡದಲ್ಲಿ ಕುಷ್ಟ ಒಮ್ಮೆ ಮೈ ಮುರಿದರು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು ವಡೆ ಕಚ್ಚಿತು. ಹಿಂದೆಯೇ ಇಡೀ ನುಗ್ಗೆಮರ ಇಳಿಯಿತು. ಮುರಿದದ್ದು ಮದುವೆ.

ಸೂರಣ್ಣ ಎರಡು ಸಲ ಪಾಯಸ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಹೋದರು. ವಿನಯಾ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತಾಗ, ನಗು ಕಾಣಬಾರದೆಂದು ತಲೆ ತಗ್ಗಿಸಿದಳು. ಊರಿಗೇ ಬುದ್ಧಿ ಹೇಳುವ ಮನುಷ್ಯ, ಪಾಪ, ಅವಳ ಒಂದು ಕೂಗಿಗೆ ಮೋಸಹೋಗಿದ್ದರು.

ಕುಷ್ಟ ಅವಳ ಮುಂದೆ ಏನನ್ನೋ ಹಾಕಿದರು. ಹಳೆಯ ಕೊಡೆಬಟ್ಟೆಯ ಗಂಟು, ಅದಕ್ಕೆ ಸಿಕ್ಕಿಸಿದ ಕಾಗೆಗರಿ, ತಲೆಕೆಳಗಾಗಿ ನೇತಾಡುವಂತೆ ಕಟ್ಟಿದ ಉದ್ದನೆಯ ಹುರಿ. ನೆಲಗಡಲೆ ಬಿತ್ತಿದ ಗದ್ದೆಗಳಲ್ಲಿ ಕಾಗೆ ಬೀಜ ಹೆಕ್ಕದಂತೆ ನೇತುಹಾಕುವ, ಕಾಗೆಯ ಸುಳ್ಳು ಹೆಣ.

"ಮಾಡಿನ ಮೇಲಿತ್ತ್. ಹುರಿಯ ತುದಿ ನನ್ನ ಕೈಯಲ್ಲಿ. ಎಳ್ದ್ರೆ ಕಾಕಿ ಕಣ್ಣಿಗೆ, ಬಿಟ್ರೆ ಮರೆಗೆ," ಎಂದರು. "ಆ ಬಲೆ ಕಂಡ್ ಬಂದ ಮೇಲೆ ನಿನ್ನ ಅಲ್ಲಿಗ್ ಕಳ್ಸುಕೆ ಮನ್ಸ್ ಬರ್ಲಿಲ್ಲ."

"ಹಂಗಾರೆ ನನ್ನ ಕೂಗ್, ದೊಡ್ಡಪ್ಪಯ್ಯ?"

"ಅದನ್ನ ಕೇಂಡೇ ಅಷ್ಟ್ ಕಾಕಿ ಒಟ್ಟಾದ್ದ್. ಒಂದ್ 'ಅಪಾಯ' ಅಂದ್ರೆ ಊರಿನ ಕಾಕಿ ಎಲ್ಲ ಹತ್ರ ಬಪ್ಪುದ್. ನೀ ಇನ್ನ್ ಚೂರ್ ಕೂಗಿದ್ರೆ ನಿನ್ನ ಮದಿ ನೀನೇ ಮಾಡ್ಸ್ಕಂತಿದ್ದೆ."

ಮೊದಲು ನಕ್ಕವರು ಕುಷ್ಟ. ವಿನಯಾ ಅದಕ್ಕಿಂತ ಜೋರಾಗಿ ನಕ್ಕಳು. ಅಂಗಳದಲ್ಲಿ ಅಗುಳು ಹೆಕ್ಕುತ್ತಿದ್ದ ಕಾಗೆಗಳು ಅಂದು ಮೊದಲ ಬಾರಿಗೆ ಅವಳ ದನಿಗೆ ಹೆದರಿ ಹಾರಿಹೋದವು.