ಹೊಲದ ಮೂಲೆಯ ಹೆಸರುಕಾಳು

ನೆನೆದ ಹೆಸರುಕಾಳಿನ ಹಸಿ ವಾಸನೆ ಬಂದರೆ ಈಗಲೂ ಅಡುಗೆಮನೆಯಿಂದ ಎದ್ದು ಹೊರಗೆ ಬರುತ್ತೇನೆ.

ಆಗ ನನಗೆ ಐದು ವರ್ಷ. ಜ್ವರದಲ್ಲಿ ತೀರಿಹೋದ ಮೂರು ತಿಂಗಳ ತಮ್ಮನನ್ನು ತಳಿ ಎಂಬ ಊರಿನ ನಮ್ಮ ರಾಗಿಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಮೂರನೆಯ ದಿನ ಅಜ್ಜಿ ಅಲ್ಲಿ ಹಾಲೆರೆದು, ನೆನೆಸಿದ ಹೆಸರುಕಾಳು ಚೆಲ್ಲಿದಳು. ಉಬ್ಬಿದ ಕಾಳುಗಳ ಹಸಿರು ಸಿಪ್ಪೆ ಬಿರಿದು ಬಿಳಿ ಮೊಳಕೆ ಇಣುಕುತ್ತಿತ್ತು.

“ಯಾಕಜ್ಜಿ?” ಎಂದೆ.

“ಮಣ್ಣಿಗೆ ಬಿದ್ದಿದ್ದು ನೀರು ಕುಡುದ್ರೆ ಮೇಲಕ್ಕೆ ಬತ್ತದೆ ಕಣೆ,” ಎಂದಳು.

ನಾನು ದಿನಾ ಚೊಂಬಿನಲ್ಲಿ ನೀರು ಹೊತ್ತು ಹಾಕಿದೆ. ಕಾಳು ಚೆಲ್ಲಿದ ನಾಲ್ಕನೆಯ ದಿನ ಮಧ್ಯಾಹ್ನ ಮಣ್ಣು ಸೀಳಿ, ತಲೆ ಬಗ್ಗಿಸಿಕೊಂಡ ಕುಡಿಗಳು ಎದ್ದಿದ್ದವು. ಮನೆಗೆ ಓಡಿದೆ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ರವಿಕೆ ಹಾಲಿಗೆ ಒದ್ದೆಯಾಗಿತ್ತು.

“ಅಮ್ಮಾ ಏಳು, ತಮ್ಮ ಬತ್ತಾವ್ನೆ!”

ಅಮ್ಮ ಥಟ್ಟನೆ ಎದ್ದು, ಸೆರಗೂ ಸರಿಮಾಡಿಕೊಳ್ಳದೆ, ಹೊಸ್ತಿಲವರೆಗೂ ಓಡಿಬಂದಳು.