ಎರಡನೆಯ ಜಾಗ

"ಊರವರೆಲ್ಲ ಸೇರಿ ಹಾಕ್ಕೊಳ್ಳೋ ಸೋಲಾರ್ ಕೊಡಿ ಸ್ವಾಮಿ, ಅಣುಸ್ಥಾವರ ಮಾತ್ರ ಬ್ಯಾಡ," ಎಂದಳು ಪಂಚಾಯಿತಿ ಅಧ್ಯಕ್ಷೆ ಕೆಂಪಾಜಮ್ಮ. ಅವಳ ಬೆನ್ನ ಹಿಂದೆ ಇಡೀ ಊರು ಕೂತಿತ್ತು.

"ಸರ್ಕಾರದ ಹೊಸ ನೀತೀಲಿ ಎರಡೂ ಒಟ್ಟಿಗೇ ಬರ್ತವೆ ಅಮ್ಮಾ," ಎಂದ ಅಧಿಕಾರಿ. "ಬಲವಂತ ಇಲ್ಲ. ನೀವು ಬೇಡ ಅಂದ್ರೆ ಪಟ್ಟಿಯಲ್ಲಿರೋ ಇನ್ನೊಂದು ಊರಿಗೆ ಹೋಗುತ್ತೆ."

"ಯಾವೂರು?"

ಅಧಿಕಾರಿ ಹೆಸರು ಹೇಳಿದ. ಅದು ಮಗಳು ಸುಗುಣಳನ್ನು ಕೊಟ್ಟ ಊರು. ಬಾಣಂತನ ಮುಗಿಸಿ, ಎಳೆಗೂಸಿನ ಜೊತೆ ಅವಳನ್ನು ಕಳಿಸಿಕೊಟ್ಟು ತಿಂಗಳಾಗಿತ್ತಷ್ಟೆ. ಬೇಡವೆಂದರೆ ಮಗಳ ಬಾಗಿಲಿಗೆ, ಬೇಕೆಂದರೆ ಇಷ್ಟು ಜನರ ಬಾಗಿಲಿಗೆ.

ಹಿಂದೆ ತಿರುಗಿ ಯಾರ ಮುಖವನ್ನೂ ನೋಡದೆ ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಸಭೆಯಲ್ಲಿ ಗದ್ದಲವೆದ್ದಿತು.

"ಇನ್ನು ಆ ಊರಿನ ತಂಟೆಗೆ ಹೋಗಲ್ಲ ತಾನೆ?" ಎಂದು ಅವಳು ಅಧಿಕಾರಿಯನ್ನು ಕೇಳಿದಳು.

"ಇಲ್ಲಮ್ಮ. ಅವರೂ ಹೋದ ವಾರ ಅರ್ಜಿ ಕೊಟ್ಟಿದ್ರು," ಎಂದು ಅಧಿಕಾರಿ ಕಡತದಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ.

ಸ್ಥಾವರ ತಮಗೆ ಬೇಡ, ಪಟ್ಟಿಯಲ್ಲಿರುವ ಇನ್ನೊಂದು ಊರಿಗೇ ಹಾಕಿ ಎಂದು ಕೆಂಪಾಜಮ್ಮನ ಊರಿನ ಹೆಸರನ್ನೇ ಬರೆದಿದ್ದರು. ಕೆಳಗಿದ್ದ ಮೊದಲ ಸಹಿ, ಅವಳೇ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ್ದ ದುಂಡು ಅಕ್ಷರಗಳಲ್ಲಿ, ಸುಗುಣಳದು.