ಸಂಘ ಕೊಟ್ಟ ದನಿ

ಗಂಟಲುಜ್ವರ ಊರಿನ ಅರ್ಧ ಜನರ ದನಿ ಕಸಿದುಕೊಂಡಾಗ ವಕೀಲರ ಸಂಘ ತನ್ನ ಸದಸ್ಯರ ಕೈಬಿಡಲಿಲ್ಲ. ದನಿ ಹೋದವರಿಗೆಲ್ಲ ಕೊರಳಿಗೆ ಕಟ್ಟಿಕೊಳ್ಳುವ ದನಿಪೆಟ್ಟಿಗೆ ಹಂಚಿತು. ತುಟಿ ಆಡಿಸಿದರೆ ಸಾಕು, ಪೆಟ್ಟಿಗೆ ಮಾತಾಡುತ್ತಿತ್ತು. ಗದಗಿನ ವಕೀಲೆ ನೀಲಾಂಬಿಕಾ ಹಡಪದ ಅದನ್ನು ಕಟ್ಟಿಕೊಂಡೇ ಆಸ್ಪತ್ರೆಯ ಆಯಾ ಮೆಹಬೂಬಿಯ ಪರ ಕೋರ್ಟಿನಲ್ಲಿ ವಾದಕ್ಕೆ ನಿಂತಳು. ಜ್ವರದ ವಾರ್ಡಿನಲ್ಲಿ ದುಡಿದು ದನಿ ಕಳೆದುಕೊಂಡ ಮೆಹಬೂಬಿಯನ್ನು ಆಸ್ಪತ್ರೆ ಕೆಲಸದಿಂದ ತೆಗೆದಿತ್ತು.

"ಆಕೆ ತಾನಾಗಿಯೇ ಕೆಲಸ ಬಿಟ್ಟಳು, ಸ್ವಾಮಿ," ಎಂದರು ಆಸ್ಪತ್ರೆಯ ವಕೀಲ ಬೆಳವಡಿ. ಸಂಘದ ಅಧ್ಯಕ್ಷರೂ ಅವರೇ.

"ಸುಳ್ಳು!" ಎಂದು ನೀಲಾಂಬಿಕಾ ತುಟಿಯಲ್ಲೇ ಕೂಗಿದಳು.

"ಸಣ್ಣ ತಪ್ಪು ತಿಳುವಳಿಕೆ ಇರಬಹುದು, ಸ್ವಾಮಿ," ಎಂದಿತು ಪೆಟ್ಟಿಗೆ.

ಬೆಳವಡಿ ಅವಳತ್ತ ಬಾಗಿ ಮೆಲ್ಲಗೆ ನಕ್ಕರು. "ಸಂಘದ ಪೆಟ್ಟಿಗಿರಿ ಅದು. ಮರ್ಯಾದಿ ಬಿಟ್ಟು ಮಾತಾಡೂದಿಲ್ಲ."

ನೀಲಾಂಬಿಕಾ ಪೆಟ್ಟಿಗೆಯನ್ನು ಕಿತ್ತು ಅವರ ಮುಂದೆ ಕುಕ್ಕಿದಳು. ಜ್ವರ ಬಂದ ಮೇಲೆ ಆ ಊರಲ್ಲಿ ತುಟಿ ಓದಲು ಬಾರದವರು ಯಾರಿದ್ದರು? ನ್ಯಾಯಾಧೀಶರ ಕಡೆ ತಿರುಗಿ ತಾನು ಕೂಗಿದ್ದ ಅದೇ ಮಾತನ್ನು ಸದ್ದಿಲ್ಲದೆ ಮತ್ತೆ ಹೇಳಿದಳು. ಹಿಂದಿನ ಬೆಂಚಿನಿಂದ ಮೆಹಬೂಬಿಯೂ ಎದ್ದು ನಿಂತು ಅದನ್ನೇ ಹೇಳಿದಳು.

"ದನಿನ ಇಲ್ರಿ ಸಾಹೇಬ್ರ, ಏನಂತ ಬರಕೊಳ್ಳಲಿ?" ಎಂದ ಗುಮಾಸ್ತ.

ನ್ಯಾಯಾಧೀಶರು ಬೆಳವಡಿಯವರನ್ನೇ ನೋಡುತ್ತ ಹೇಳಿದರು: "ಇಬ್ರೂ 'ಸುಳ್ಳು' ಅಂದಾರ. ಹಂಗ ಬರಕೋರಿ."